ಬಚ್ಚಿಟ್ಟ ಡಬ್ಬಿಯೂ ಕೊನೆಯ ಏಳು ಮೀಟರೂ

ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿ ಪೋರ್ಟ್‌ಲೆಂಡ್ ಎಂಬ ನಗರವುಂಟು. ಅದರಿಂದ ಸ್ವಲ್ಪ ದೂರದಲ್ಲಿ, ಬೀವರ್‌ಕ್ರೀಕ್ ಎಂಬ ಊರಿನ ಸಮೀಪದ ಕಾಡಿನಲ್ಲಿ, 2000ದ ಮೇ 3ರಂದು ಡೇವ್ ಉಲ್ಮರ್ ಎಂಬ ಗಣಕತಜ್ಞನು ಕಪ್ಪು ಬಕೆಟ್ಟೊಂದನ್ನು ಅರ್ಧ ಮಣ್ಣಿನಲ್ಲಿ ಹುದುಗಿಸಿಟ್ಟು ಮನೆಗೆ ಹಿಂದಿರುಗಿದನು. ಬಕೆಟ್ಟಿನೊಳಗೆ ಇದ್ದುದು ಕೆಲವು ಪುಸ್ತಕಗಳು, ಒಂದು ಕವಣೆ, ಬೇಯಿಸಿದ ಬೀನ್ಸ್ ಕಾಳಿನ ಒಂದು ತಗಡಿನ ಡಬ್ಬಿ, ಇಂತಹ ಚಿಲ್ಲರೆ ಸಾಮಾನುಗಳು. ಜೊತೆಗೆ ಒಂದು ದಾಖಲೆ ಪುಸ್ತಕ, ಒಂದು ಪೆನ್ಸಿಲ್. ಆಮೇಲೆ ಆತನು ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದ ಮೂಲಕ ಆಸಕ್ತರಿಗೆ ತಿಳಿಸಿದನು. ಹುಡುಕಿದವರು ಬೇಕಾದುದನ್ನು ತೆಗೆದುಕೊಳ್ಳಬಹುದು, ಆದರೆ ಬದಲಿಗೆ ಏನನ್ನಾದರೂ ಇಟ್ಟು ಹೋಗಬೇಕು ಎಂಬುದೊಂದೇ ಕಟ್ಟಳೆ. ಮೂರು ದಿನಗಳೊಳಗೆ ಇಬ್ಬರು ಅದನ್ನು ಕಂಡುಹಿಡಿದರು.

ಈ ಆಟಕ್ಕೆ ಈಗ ಜಿಯೊಕ್ಯಾಶಿಂಗ್ ಎಂದು ಹೆಸರು. ಅದೇ ತಿಂಗಳ 30ರಂದು ಮ್ಯಾಟ್ ಸ್ಟಮ್ ಎಂಬಾತನು ಈ ಪದವನ್ನು ಸೂಚಿಸಿದನು. ‘ಜಿಯೊ’ ಎಂದರೆ ಭೂಮಿ. ‘ಕ್ಯಾಶ್’ ಎಂಬುದು ಬಚ್ಚಿಟ್ಟ ದಾಸ್ತಾನನ್ನು ಸೂಚಿಸುವ, ಫ್ರೆಂಚ್ ಮೂಲದ ಮಾತು. ಆ ವರ್ಷದ ಸೆಪ್ಟೆಂಬರ್ 2ರಂದು ಜೆರೆಮಿ ಐರಿಷ್ ಎಂಬಾತನು ಇದಕ್ಕಾಗಿಯೇ ಒಂದು ಜಾಲತಾಣವನ್ನು ತೆರೆದಾಗ ಪಟ್ಟಿಯಲ್ಲಿದ್ದ ಡಬ್ಬಿಗಳು 75. ಇಂದು ಅವುಗಳ ಸಂಖ್ಯೆ ಸುಮಾರು 30 ಲಕ್ಷ.

ಈ ಆಟ ಮೇ 3ರಂದೇ ಏಕೆ ಹುಟ್ಟಿತು? ಉತ್ತರವು ಭೌತಶಾಸ್ತ್ರಕ್ಕೆ ಸೇರಿದ್ದು. ಭೂಮಿಯಿಂದ ಸುಮಾರು 20,200 ಕಿಲೊಮೀಟರು ಎತ್ತರದಲ್ಲಿ, 12 ಗಂಟೆಗೊಂದು ಸುತ್ತಿನಂತೆ ತಿರುಗುತ್ತಿರುವ ಜಿ.ಪಿ.ಎಸ್. ಉಪಗ್ರಹಗಳನ್ನು ವಾಚಕರು ಬಲ್ಲರು. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರವಿದ್ದು, ಅದು ತನ್ನ ಸ್ಥಾನವನ್ನೂ ವೇಳೆಯನ್ನೂ ರೇಡಿಯೊ ತರಂಗಗಳ ಮೂಲಕ ಸಾರುತ್ತಿರುತ್ತದೆ. ನಮ್ಮ ಕೈಯಲ್ಲಿರುವ ಗ್ರಾಹಕ ಯಂತ್ರವು ತರಂಗ ಹೊರಟ ವೇಳೆಗೂ ಬಂದು ತಲುಪಿದ ವೇಳೆಗೂ ಇರುವ ವ್ಯತ್ಯಾಸದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳಿಂದ ದೂರ ತಿಳಿದರೆ ಸ್ಥಾನವು ಗೊತ್ತಾಗುತ್ತದೆ. ನಮ್ಮ ಯಂತ್ರದ ಅಗ್ಗದ ಗಡಿಯಾರವನ್ನು ತಿದ್ದಿಕೊಳ್ಳಲು ನಾಲ್ಕನೆಯದು ಬೇಕು. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೊಮೀಟರು. ಆದುದರಿಂದ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ವೇಳೆ ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪುತ್ತದೆ.

ಅಮೆರಿಕದ ಸೈನ್ಯವು ಇದನ್ನೇ ಉಪಾಯವಾಗಿ ಬಳಸಿತ್ತು. ಸಾರ್ವಜನಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸಿ, ಸ್ಥಾನವು ಸುಮಾರು 100 ಮೀಟರಿನಷ್ಟು ಆಚೀಚೆಯಾಗುವಂತೆ ಮಾಡಿತ್ತು. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ಬೆರಕೆಯನ್ನು ನಿಲ್ಲಿಸುವಂತೆ ಆಜ್ಞೆ ಮಾಡಿದರು. ಅಂದು ನಡುರಾತ್ರಿ ಅದು ನಿಂತಿತು. ಎರಡೇ ದಿನಗಳ ತರುವಾಯ ಉಲ್ಮರನು ಬಕೆಟ್ ಹೊತ್ತು ಕಾಡಿಗೆ ಹೊರಟನು.

ಈ ಬದಲಾವಣೆಯ ಪರಿಮಾಣವನ್ನು ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಡಬ್ಬಿಯನ್ನು ಇಟ್ಟವನ ಯಂತ್ರದಲ್ಲಿ 100 ಮೀಟರಿನ ದೋಷ, ಹುಡುಕುವವನ ಯಂತ್ರದಲ್ಲಿಯೂ 100 ಮೀಟರಿನ ದೋಷ ಎಂದಿಟ್ಟುಕೊಳ್ಳಿ. ಪರಸ್ಪರ ಸಂಬಂಧವಿಲ್ಲದ ಎರಡು ದೋಷಗಳನ್ನು ನೇರವಾಗಿ ಕೂಡಿಸುವುದಿಲ್ಲ. ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುತ್ತೇವೆ. ಒಟ್ಟು ದೋಷ 141 ಮೀಟರು. ಅಷ್ಟು ತ್ರಿಜ್ಯದ ವೃತ್ತದ ವಿಸ್ತೀರ್ಣ 15 ಎಕರೆಗೂ ಮಿಕ್ಕುತ್ತದೆ. 15 ಎಕರೆ ಕಾಡಿನಲ್ಲಿ ಒಂದು ಬಕೆಟ್ಟನ್ನು ಹುಡುಕುವುದು ಆಟವಲ್ಲ, ಶಿಕ್ಷೆ. ಅದೇ ಬಯಲಿನಲ್ಲಿ ಇಬ್ಬರ ದೋಷವೂ 5 ಮೀಟರಾದರೆ ಒಟ್ಟು ದೋಷ ಸುಮಾರು 7 ಮೀಟರು. ಹುಡುಕಬೇಕಾದ ಜಾಗ ನಾನೂರರಲ್ಲಿ ಒಂದು ಪಾಲಿಗೆ ಇಳಿಯಿತು!

ಆದರೆ ಈ 7 ಮೀಟರು ಉಳಿದೇ ಇದೆ. ಮೊದಲ ಡಬ್ಬಿಯ ಸ್ಥಾನವನ್ನು ಉತ್ತರ 45 ಡಿಗ್ರಿ 17.460 ಮಿನಿಟು, ಪಶ್ಚಿಮ 122 ಡಿಗ್ರಿ 24.800 ಮಿನಿಟು ಎಂದು ಬರೆಯುತ್ತಾರೆ. ಅಕ್ಷಾಂಶದ ಒಂದು ಮಿನಿಟು 1852 ಮೀಟರು. ಆದುದರಿಂದ ಅದರ ಸಾವಿರದ ಒಂದು ಪಾಲು 1.85 ಮೀಟರು. ರೇಖಾಂಶದ್ದಾದರೋ ಧ್ರುವದತ್ತ ಹೋದಂತೆ ಕಿರಿದಾಗುತ್ತದೆ, ಆರೆಗಾನಿನಲ್ಲಿ 1.3 ಮೀಟರು, ನಮ್ಮ ಬೆಂಗಳೂರಿನಲ್ಲಿ 1.8 ಮೀಟರು. ಎಂದರೆ, ಬರೆದ ಸಂಖ್ಯೆಯ ಕೊನೆಯ ಅಂಕವು ಯಂತ್ರದ ಯೋಗ್ಯತೆಗಿಂತ ಸೂಕ್ಷ್ಮವಾದದ್ದು. ಮರಗಳ ದಟ್ಟಣೆ, ಬಂಡೆಯ ಗೋಡೆಗೆ ತಾಗಿ ಪ್ರತಿಫಲಿಸಿ ಬರುವ ತರಂಗ ಇವೆಲ್ಲ ಸೇರಿದರೆ ಅದು ಇನ್ನೂ ಹಾಳು. ಉಪಗ್ರಹವು 20,000 ಕಿಲೊಮೀಟರಿನಾಚೆಯಿಂದ ನಮ್ಮನ್ನು ಕೈಹಿಡಿದು ಕರೆತಂದು ಕೊನೆಯ 7 ಮೀಟರಿನಲ್ಲಿ ಕೈಬಿಡುತ್ತದೆ. ಅಲ್ಲಿಂದ ಮುಂದೆ ನಮಗೆ ಆಧಾರವೆಂದರೆ ನಮ್ಮ ಕಣ್ಣು, ಮತ್ತು ನಮಗಿಂತ ಮೊದಲು ಬಂದವರು ಬರೆದಿಟ್ಟ ಮಾತು. ಈ ಆಟದ ಮರ್ಯಾದೆಗಳೆಲ್ಲ ಹುಟ್ಟಿದ್ದು ಬಹುಪಾಲು ಈ 7 ಮೀಟರಿನಲ್ಲಿಯೇ ಎಂದು ನನ್ನ ಅಭಿಪ್ರಾಯ.

ಅವುಗಳಲ್ಲಿ ಕೆಲವು ಯಾರಿಗಾದರೂ ಹೊಳೆಯುವಂಥವು. ಡಬ್ಬಿಯನ್ನು ಇದ್ದಲ್ಲಿಯೇ ಇದ್ದಂತೆಯೇ ಇಡಬೇಕು. ಇನ್ನೂ ಚೆನ್ನಾಗಿ ಬಚ್ಚಿಡುತ್ತೇನೆಂದು ಎರಡು ಗಜ ಸರಿಸಬಾರದು. ತೆಗೆದುಕೊಂಡ ವಸ್ತುವಿಗೆ ಸಮನಾದುದನ್ನೋ ಮೇಲಾದುದನ್ನೋ ಇಡಬೇಕು. ದಾಖಲೆ ಪುಸ್ತಕದಲ್ಲಿ ಹೆಸರು ಬರೆಯದೆ ‘ಸಿಕ್ಕಿತು’ ಎನ್ನಬಾರದು. ತಿಂಡಿ ತಿನಿಸುಗಳನ್ನು ಇಡಬಾರದು; ಮನುಷ್ಯನಿಗಿಂತ ಮೊದಲು ಪ್ರಾಣಿಗಳು ಹುಡುಕಿಬಿಡುತ್ತವೆ. ನೆಲವನ್ನು ಅಗೆದು ಹೂಳಬಾರದು. ಉಲ್ಮರನ ಮೊದಲ ಬಕೆಟ್ಟು ಈ ಕೊನೆಯ ಎರಡು ನಿಯಮಗಳನ್ನೂ ಮುರಿದಿತ್ತೆಂಬುದನ್ನು ವಾಚಕರು ಗಮನಿಸಿರಬಹುದು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದ ಮರ್ಯಾದೆ ಇನ್ನೊಂದು. ಹುಡುಕಿಯೂ ಡಬ್ಬಿ ಸಿಕ್ಕದಿದ್ದಾಗ ‘ಸಿಕ್ಕಲಿಲ್ಲ’ ಎಂದು ಜಾಲತಾಣದಲ್ಲಿ ಬರೆಯಬೇಕು. ಸಿಕ್ಕಿದರೆ ನಕಾಶೆಯಲ್ಲಿ ನಗುಮುಖದ ಚಿಹ್ನೆ. ಸಿಕ್ಕದಿದ್ದರೆ ಸಪ್ಪೆ ಮುಖದ್ದು. ಸಪ್ಪೆ ಮುಖವನ್ನು ತನ್ನ ಹೆಸರಿನ ಮುಂದೆ ಅಂಟಿಸಿಕೊಳ್ಳಲು ಯಾರಿಗೆ ಇಷ್ಟ? ಹಲವರು ಸುಮ್ಮನೆ ಮನೆಗೆ ಹೋಗುತ್ತಾರೆ. ಪರಿಣಾಮವನ್ನು ಯೋಚಿಸಿ. ಹತ್ತು ಜನ ಹುಡುಕಿ ಸೋತು ಮೌನವಾಗಿ ಹಿಂದಿರುಗಿದರೆ, ದಾಖಲೆಯಲ್ಲಿ ಕೊನೆಯ ಸಾಲು ಎರಡು ವರ್ಷದ ಹಿಂದಿನ ‘ಸಿಕ್ಕಿತು’ ಎಂಬುದೇ ಆಗಿರುತ್ತದೆ. ಹನ್ನೊಂದನೆಯವನು ಅದನ್ನು ನಂಬಿ ಮಕ್ಕಳನ್ನು ಕಟ್ಟಿಕೊಂಡು 40 ಕಿಲೊಮೀಟರು ಬರುತ್ತಾನೆ. ಡಬ್ಬಿಯ ಒಡೆಯನಿಗಂತೂ ಅದು ಪ್ರವಾಹದಲ್ಲಿ ಕೊಚ್ಚಿಹೋದದ್ದೇ ತಿಳಿಯುವುದಿಲ್ಲ. ಸೋಲಿನ ದಾಖಲೆಯೂ ಗೆಲುವಿನ ದಾಖಲೆಯಷ್ಟೇ ಬೆಲೆಯುಳ್ಳ ಅಳತೆ.

ಇದಕ್ಕಿಂತ ಕೆಟ್ಟ ಅಭ್ಯಾಸವೊಂದಿದೆ. ಡಬ್ಬಿ ಸಿಕ್ಕದೆ ಬೇಸತ್ತವನು ತನ್ನ ಜೇಬಿನಿಂದ ಹೊಸದೊಂದು ಡಬ್ಬಿಯನ್ನು ತೆಗೆದು ಅಲ್ಲಿಯೇ ಎಸೆದು, ಅದರಲ್ಲಿ ಹೆಸರು ಬರೆದು, ‘ಸಿಕ್ಕಿತು’ ಎಂದು ಸಾರುತ್ತಾನೆ. ಒಡೆಯನಿಗೆ ಉಪಕಾರ ಮಾಡಿದೆನೆಂದೇ ಅವನ ಭಾವನೆ. ನಿಜವಾದ ಡಬ್ಬಿಯು ಮೂರು ಅಡಿ ಆಚೆಯ ಪೊಟರೆಯಲ್ಲಿ ಕ್ಷೇಮವಾಗಿ ಇದ್ದೀತು! ಅಂದಿನಿಂದ ಬಂದವರಲ್ಲಿ ಯಾರು ಯಾವುದನ್ನು ಕಂಡರೆಂಬುದು ಬ್ರಹ್ಮನಿಗೂ ತಿಳಿಯದು. ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಗಳು 980ಕ್ಕೆ ಹತ್ತಿರ ಬರುವಂತೆ ಆಂದೋಲನಗಳ ವೇಳೆಯನ್ನು ತಿದ್ದಿ ಬರೆಯುವುದುಂಟು. ನಾನು ಇದನ್ನು ಕೂಡಲೇ ಗುರುತಿಸಬಲ್ಲೆ. ಏಕೆಂದರೆ ವಿದ್ಯಾರ್ಥಿಯಾಗಿದ್ದಾಗ ನಾನೂ ಒಮ್ಮೆ ಹಾಗೆ ಮಾಡಿದ್ದೆ. ನನ್ನ ಲೋಲಕದ ದಾರವು ಜಾರುತ್ತಿದ್ದ ಸಂಗತಿ ಆ ತಿದ್ದುಪಡಿಯಲ್ಲಿ ಮುಚ್ಚಿಹೋಗಿ, ನನ್ನ ಅನಂತರ ಆ ಮೇಜಿಗೆ ಬಂದ ಗೆಳೆಯನು ಇಡೀ ಮಧ್ಯಾಹ್ನ ಒದ್ದಾಡಬೇಕಾಯಿತು.

ಇನ್ನು ಅಂಕಗಳ ವಿಚಾರ. ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ: ಹುಡುಕುವ ಕಷ್ಟಕ್ಕೆ ಒಂದು, ದಾರಿಯ ಕಷ್ಟಕ್ಕೆ ಇನ್ನೊಂದು. ಎರಡೂ 1ರಿಂದ 5ರವರೆಗೆ ಅರ್ಧರ್ಧವಾಗಿ ಏರುತ್ತವೆ. ದಾರಿಯ ಅಂಕ 1 ಎಂದರೆ ಗಾಲಿಕುರ್ಚಿಯಲ್ಲಿ ಕುಳಿತವರೂ ತಲುಪಬಹುದು. 5 ಎಂದರೆ ದೋಣಿಯೋ ಹಗ್ಗವೋ ಮುಳುಗುವ ಉಡುಪೋ ಬೇಕು. ಅಂಗಡಿಯ ಸಾಮಾನಿಗೆ ಐದು ನಕ್ಷತ್ರವೆಂದರೆ ಉತ್ತಮವೆಂದು ಅರ್ಥ, ಇಲ್ಲಿ ಹಾಗಲ್ಲ. ಇದನ್ನು ಅರಿಯದ ಹೊಸಬರು ಐದು ನಕ್ಷತ್ರದ ಡಬ್ಬಿಯನ್ನು ಆರಿಸಿಕೊಂಡು ಬಂಡೆಯ ಬುಡದಲ್ಲಿ ನಿಂತು ಮೇಲೆ ನೋಡುತ್ತಾರೆ. ಡಬ್ಬಿಯು ಚೆನ್ನಾಗಿದೆಯೇ ಎಂಬುದಕ್ಕೆ ಬೇರೆಯೇ ಗುರುತುಂಟು: ಚಂದಾ ಕೊಟ್ಟ ಸದಸ್ಯನು ಹತ್ತು ಡಬ್ಬಿಗಳನ್ನು ಕಂಡರೆ ಒಂದಕ್ಕೆ ತನ್ನ ಮೆಚ್ಚುಗೆಯ ಮತವನ್ನು ಕೊಡಬಹುದು.

ಕಷ್ಟದ ಅಂಕವನ್ನು ಕೊಡುವವನು ಡಬ್ಬಿಯ ಒಡೆಯನೇ. ಹುಡುಕಿದವರ ಮತಗಳ ಸರಾಸರಿಯಲ್ಲ. ಎಲ್ಲಿದೆಯೆಂದು ತಿಳಿದವನಿಗೆ ಹುಡುಕುವ ಕಷ್ಟ ತಿಳಿಯುವುದು ಹೇಗೆ? ಪ್ರಶ್ನಪತ್ರಿಕೆ ತಯಾರಿಸುವ ನಮ್ಮಂಥ ಅಧ್ಯಾಪಕರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಉತ್ತರ ಬಲ್ಲವನ ಕಣ್ಣಿಗೆ ಯಾವ ಪ್ರಶ್ನೆಯೂ ಸುಲಭವೇ. ಇದರ ಮೇಲೆ ಇನ್ನೊಂದು ವಿನೋದವುಂಟು. ಒಂಬತ್ತು ಮೆಟ್ಟಲುಗಳ ಎರಡು ಅಳತೆಗೋಲುಗಳನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಇಟ್ಟರೆ 81 ಮನೆಗಳ ಕೋಷ್ಟಕವಾಗುತ್ತದೆ. ಎಲ್ಲ ಮನೆಗಳನ್ನೂ ತುಂಬಬೇಕೆಂಬ ಹಟ ಹವ್ಯಾಸಿಗಳಲ್ಲಿ ಬೆಳೆಯಿತು. ಹುಡುಕಲು ಬಲು ಕಷ್ಟ, ಆದರೆ ದಾರಿ ಬಲು ಸುಲಭ ಎಂಬಂಥ ಅಪರೂಪದ ಮನೆಗಳಿಗೆ ಬೇಡಿಕೆ ಹೆಚ್ಚಿತು. ಬೇಡಿಕೆ ಇದ್ದಲ್ಲಿ ಸರಬರಾಜು ಇದ್ದೇ ಇರುತ್ತದಷ್ಟೆ. ಜನ ಬರಲೆಂದು ಅಂಕವನ್ನು ಅರ್ಧ ಏರಿಸುವ ಒಡೆಯರೂ ಹುಟ್ಟಿಕೊಂಡರು. ಅಳತೆಯೇ ಬಹುಮಾನವಾದಾಗ ಅಳತೆಗೋಲು ಬಾಗುತ್ತದೆ.

ಜಾಲತಾಣದ ವೈಚಿತ್ರ್ಯಗಳಲ್ಲಿ ಗಣಿತಪ್ರಿಯರಿಗೆ ಸ್ವಾರಸ್ಯವಾದುದು ಡಬ್ಬಿಗಳ ಸಂಖ್ಯೆ. ಪ್ರತಿ ಡಬ್ಬಿಗೂ ‘ಜಿ ಸಿ’ ಎಂಬ ಅಕ್ಷರಗಳಿಂದ ಮೊದಲಾಗುವ ಒಂದು ಗುರುತಿದೆ. ಆರಂಭದಲ್ಲಿ ಇದನ್ನು ಗಣಕಗಳ ರೂಢಿಯಂತೆ 16ರ ಆಧಾರದಲ್ಲಿ, 0ಯಿಂದ 9ರವರೆಗಿನ ಅಂಕಗಳನ್ನೂ ಎ ಇಂದ ಎಫ್‌ವರೆಗಿನ ಅಕ್ಷರಗಳನ್ನೂ ಬಳಸಿ ಬರೆಯುತ್ತಿದ್ದರು. ನಾಲ್ಕು ಸ್ಥಾನಗಳಲ್ಲಿ ಇದು 65,535ಕ್ಕೆ ಮುಗಿಯಿತು. ಆಗ 31ರ ಆಧಾರಕ್ಕೆ ಹಾರಿದರು. ಇಂಗ್ಲಿಷಿನ 26 ಅಕ್ಷರಗಳಲ್ಲಿ 1ರಂತೆ ಕಾಣುವ ಐ ಮತ್ತು ಎಲ್, ಸೊನ್ನೆಯಂತೆ ಕಾಣುವ ಓ, 5ರಂತೆ ಕಾಣುವ ಎಸ್, ಇವುಗಳ ಜೊತೆಗೆ ಯು ಎಂಬ ಐದನ್ನು ಬಿಟ್ಟು, ಉಳಿದ 21ನ್ನು ಹತ್ತು ಅಂಕಗಳೊಡನೆ ಸೇರಿಸಿದರು. ಹಳೆಯ ಗುರುತುಗಳಿಗೆ ಡಿಕ್ಕಿ ಹೊಡೆಯದಂತೆ ಎಫ್‌ನ ಮುಂದಿನ ಜಿ ಅಕ್ಷರದಿಂದ ಎಣಿಕೆ ಹೂಡಿದ್ದರಿಂದ, ಅದೇ ನಾಲ್ಕು ಸ್ಥಾನಗಳಲ್ಲಿ ಇನ್ನೂ 4,46,865 ಗುರುತುಗಳು ದೊರೆತವು. ಅದು ಹೇಗೆಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಮೊದಲ ಸ್ಥಾನಕ್ಕೆ ಬರಬಲ್ಲ ಅಕ್ಷರಗಳು 15 ಎಂಬ ಸುಳಿವು ಸಾಕು. ಈಗ ಐದು ಸ್ಥಾನಗಳು ಬಳಕೆಯಲ್ಲಿವೆ.

ಮತ್ತೊಂದು ವೈಚಿತ್ರ್ಯ ಅಂತರದ ನಿಯಮದ್ದು. ಎರಡು ಡಬ್ಬಿಗಳ ನಡುವೆ ಮೈಲಿಯ ಹತ್ತನೆಯ ಒಂದು ಪಾಲು, ಎಂದರೆ 161 ಮೀಟರು, ಇರಲೇಬೇಕು. ಆದರೆ ಒಗಟಿನ ಡಬ್ಬಿಗಳೆಂಬ ಒಂದು ಜಾತಿಯುಂಟು. ಅವುಗಳಲ್ಲಿ ಪ್ರಕಟವಾದ ಸ್ಥಾನ ಹುಸಿ. ಒಗಟನ್ನು ಬಿಡಿಸಿದವರಿಗೆ ಮಾತ್ರ ಎರಡು ಮೂರು ಕಿಲೊಮೀಟರಿನಾಚೆಯ ನಿಜಸ್ಥಾನ ತಿಳಿಯುತ್ತದೆ. ಹೀಗಾಗಿ ಹೊಸ ಡಬ್ಬಿಯನ್ನಿಡಲು ಹೊರಟವನು ನಕಾಶೆಯಲ್ಲಿ ಬರಿದಾಗಿ ಕಂಡ ಜಾಗವನ್ನು ಆರಿಸಿ, ಕಾಣದ ವೃತ್ತವೊಂದಕ್ಕೆ ಎಡವುತ್ತಾನೆ.

ಆಟಗಾರರೊಳಗಿನ ಮರ್ಯಾದೆಗಿಂತ ಹೊರಗಿನವರ ಬಗೆಗಿನ ಮರ್ಯಾದೆ ಗಂಭೀರವಾದುದು. ಹೊರಗಿನವರನ್ನು ಇವರು ಹ್ಯಾರಿ ಪಾಟರ್ ಕಥೆಗಳಿಂದ ಎರವಲು ತಂದ ಪದದಿಂದ ‘ಮಗಲ್’ಗಳೆಂದು ಕರೆಯುತ್ತಾರೆ. ಅವರ ಕಣ್ಣು ತಪ್ಪಿಸಿ ಡಬ್ಬಿಯನ್ನು ತೆಗೆಯಬೇಕು. ಆದರೆ ಕಣ್ಣು ತಪ್ಪಿಸುವವನೇ ಸಂಶಯಕ್ಕೆ ಗುರಿಯಲ್ಲವೆ? 2011ರ ಜುಲೈನಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಒಬ್ಬನ ಚಲನವಲನವನ್ನು ಕಂಡು ಸಂದೇಹಗೊಂಡವರು ಪೊಲೀಸರಿಗೆ ತಿಳಿಸಿದರು. ಸೈನ್ಯದ ಬಾಂಬು ತಜ್ಞರು ಬಂದು ಬೀದಿಯಲ್ಲಿದ್ದ ಪೆಟ್ಟಿಗೆಯನ್ನು ಸಿಡಿಸಿದರು. ಅದು ಜಿಯೊಕ್ಯಾಶ್! ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿರೆಂಬ ಪ್ರಕಟಣೆಯನ್ನು ನಮ್ಮ ರೈಲು ನಿಲ್ದಾಣಗಳಲ್ಲಿ ಕೇಳುತ್ತಲೇ ಬೆಳೆದ ನಮಗೆ ಆ ಪಟ್ಟಣದವರ ಭಯ ಅರ್ಥವಾಗುತ್ತದೆ. ಪಾರದರ್ಶಕ ಡಬ್ಬಿಯನ್ನು ಬಳಸಿ, ಹೊರಗಡೆ ಅದೇನೆಂದು ಬರೆದು, ಜಾಗದ ಒಡೆಯರ ಒಪ್ಪಿಗೆಯನ್ನು ಪಡೆಯಬೇಕು. ರೈಲುಹಳಿ, ಶಾಲೆ, ಸೇತುವೆಗಳ ಬಳಿ ಇಡುವ ಯೋಚನೆಯನ್ನೇ ಮಾಡಬಾರದು.

ಡಬ್ಬಿಯನ್ನೇ ಇಡಲಾಗದ ರಕ್ಷಿತ ಪ್ರದೇಶಗಳಿಗೆ 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ನೆರವಿನಿಂದ ಬೇರೊಂದು ಬಗೆ ಬಂದಿತು. ಅಲ್ಲಿ ಡಬ್ಬಿಯಿಲ್ಲ; ಬಂಡೆಯ ಪದರಗಳನ್ನೋ ನದಿಯ ತಿರುವನ್ನೋ ನೋಡಿ ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನು ಬರೆದು ಕಳುಹಿಸಬೇಕು. ನನಗೆ ಈ ಬಗೆಯೇ ಹೆಚ್ಚು ಪ್ರಿಯ.

ಉಲ್ಮರನ ಬಕೆಟ್ಟು ಇಂದು ಇಲ್ಲ. ಆ ಸ್ಥಳದಲ್ಲಿ 2003ರಲ್ಲಿ ಒಂದು ಸ್ಮಾರಕ ಫಲಕವನ್ನು ನೆಟ್ಟರು. ಅಲ್ಲಿ ನೆಲ ಕೆದಕಿದಾಗ, ಡೊಂಕಾಗಿ ತುಕ್ಕುಹಿಡಿದ ಆ ಬೀನ್ಸ್ ಕಾಳಿನ ತಗಡು ಸಿಕ್ಕಿತು. ಅದಕ್ಕೊಂದು ಗುರುತಿನ ಸಂಖ್ಯೆಯನ್ನು ಕೊಟ್ಟು, ಆಟಗಾರರು ಕೂಡುವ ಕಡೆಗೆಲ್ಲ ಒಯ್ಯುತ್ತಿದ್ದಾರೆ. ನೋಡಿದವರು ಜಾಲತಾಣದಲ್ಲಿ ‘ಕಂಡೆ’ ಎಂದು ಬರೆದು ದಿನಾಂಕ ಹಾಕುತ್ತಾರೆ.