ಕುಂಚಾವರಂ ಕಾಡಿನ ಇಂಗಾಲದ ಜಮಾ-ಖರ್ಚು

ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತಾಗ ಹೊಸಬರ ಕಣ್ಣಿಗೆ ಮೊದಲು ಬೀಳುವುದು ಸಿಮೆಂಟ್ ಕಾರ್ಖಾನೆಯ ಎತ್ತರದ ಚಿಮಣಿ. ಅಲ್ಲಿಂದ ಚಿತ್ತಾಪುರ, ಮಳಖೇಡ, ಸೇಡಂ ಎಂದು ಸಾಗುವ ದಾರಿಯಲ್ಲಿ ತೊಗರಿ ಹೊಲಗಳ ನಡುವೆ ಮತ್ತೆ ಮತ್ತೆ ಅಂಥವೇ ಚಿಮಣಿಗಳು ತಲೆಯೆತ್ತುತ್ತವೆ. ಸೇಡಂ ದಾಟಿ ಚಿಂಚೋಳಿಗೆ, ಚಿಂಚೋಳಿಯಿಂದ ತೆಲಂಗಾಣದ ಗಡಿಯತ್ತ ಹೊರಟರೆ ನೋಟವೇ ಬದಲಾಗುತ್ತದೆ. ಗುಡ್ಡ, ಕಣಿವೆ, ಲಂಬಾಣಿ ತಾಂಡಾಗಳು, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತ ಜಲಪಾತ. ಇದೇ ಕುಂಚಾವರಂ ಕಾಡು. ಬಿಸಿಲ ನಾಡೆಂದೇ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಇಷ್ಟು ಹಸಿರು ಇದೆ ಎಂದರೆ ಹೊರಗಿನವರು ಈಗಲೂ ನಂಬುವುದಿಲ್ಲ!

ಒಂದೇ ದಿನದಲ್ಲಿ ಮುಗಿಯುವ ಈ ಪ್ರಯಾಣದಲ್ಲಿ ಇಂಗಾಲದ ಎರಡು ಮುಖಗಳು ಕಾಣುತ್ತವೆ. ಒಂದು ಕಡೆ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತಿದೆ; ಇನ್ನೊಂದು ಕಡೆ ಅದೇ ಅನಿಲವನ್ನು ಎಲೆಗಳು ಹೀರಿಕೊಳ್ಳುತ್ತಿವೆ. ಹೀರುವವರು ಉಗುಳುವವರಿಗೆ ಸಮನಾಗಬಲ್ಲರೇ? ಎಷ್ಟು ವರ್ಷ? ಜಗತ್ತಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವ ಈ ಪ್ರಶ್ನೆಗೆ ಚಿಂಚೋಳಿ ತಾಲ್ಲೂಕಿನ ಹುಡುಗನೊಬ್ಬ ಕಾಗದ ಪೆನ್ಸಿಲ್ ಹಿಡಿದು ಕುಳಿತರೆ ಸ್ಥೂಲವಾದ ಉತ್ತರ ಸಿಗುತ್ತದೆ.

ಮೊದಲು ಕಲ್ಲಿನ ಕಡೆಯ ಲೆಕ್ಕ. ಶಹಾಬಾದಿನ ಫರಸಿ ಕಲ್ಲು ಹಾಸದ ಮನೆ ಈ ಭಾಗದಲ್ಲಿ ಅಪರೂಪ. ಅದು ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಕೋಟ್ಯಂತರ ವರ್ಷಗಳ ಹಿಂದೆ, ಭೂಮಿಯ ಮೇಲೆ ಮರವೆಂಬುದೇ ಇಲ್ಲದ ಕಾಲದಲ್ಲಿ, ಇಲ್ಲಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕುಳಿತದ್ದು. ಅಂದಿನ ಇಂಗಾಲ ಆ ಕಲ್ಲಿನೊಳಗೆ ಬಂದಿಯಾಗಿದೆ. ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವು ತಗಲಿದಾಗ ಕಲ್ಲು ಒಡೆದು ಸುಟ್ಟ ಸುಣ್ಣ ಮತ್ತು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಹತ್ತನೆಯ ತರಗತಿಯವರು ಅಣುತೂಕ ಕೂಡಿಸಿ ನೋಡಬಹುದು: ಶುದ್ಧ ಕಲ್ಲು 100 ಕಿಲೋ ಇದ್ದರೆ ಸುಣ್ಣ 56 ಕಿಲೋ, ಅನಿಲ 44 ಕಿಲೋ. ಇದು ಕಲ್ಲಿನಿಂದಲೇ ಹೊರಟದ್ದು. ಕುಲುಮೆ ಕಾಯಿಸಲು ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ. ಎರಡೂ ಸೇರಿ ಒಂದು ಟನ್ ಸಿಮೆಂಟಿಗೆ ಸುಮಾರು 600 ಕಿಲೋ ಇಂಗಾಲದ ಡೈ ಆಕ್ಸೈಡ್ ಎಂದು ಹಿಡಿದರೆ ಬಹಳ ತಪ್ಪಾಗದು.

ವರ್ಷಕ್ಕೆ 30 ಲಕ್ಷ ಟನ್ ಸಿಮೆಂಟ್ ತಯಾರಿಸುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳೋಣ. ಅದರ ಅನಿಲ ವರ್ಷಕ್ಕೆ 18 ಲಕ್ಷ ಟನ್, ದಿನಕ್ಕೆ 4,900 ಟನ್ನಿಗಿಂತ ಸ್ವಲ್ಪ ಹೆಚ್ಚು.

ಈಗ ಕಾಡಿನ ಕಡೆಗೆ ಬರೋಣ. 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಿಸಲಾದ ಪ್ರದೇಶದ ವಿಸ್ತೀರ್ಣ 134.88 ಚದರ ಕಿಲೋಮೀಟರ್, ಅಂದರೆ 13,488 ಹೆಕ್ಟೇರ್. ಇದು ಎಲೆ ಉದುರಿಸುವ ಒಣ ಕಾಡು. ಅಂಚಿನಲ್ಲಿ ತೇಗ, ಅಕೇಶಿಯಾ ನೆಡುತೋಪುಗಳಿವೆ. ಇಂಥ ಕಾಡು ಮಲೆನಾಡಿನ ಕಾಡಿನಂತೆ ವರ್ಷವಿಡೀ ಬೆಳೆಯುವುದಿಲ್ಲ. ಆದರೂ ಉದಾರವಾಗಿಯೇ, ಹೆಕ್ಟೇರಿಗೆ ವರ್ಷಕ್ಕೆ ಒಂದು ಟನ್ ಇಂಗಾಲವನ್ನು ಅದು ಹೊಸದಾಗಿ ಕೂಡಿಡುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಟನ್ ಇಂಗಾಲವೆಂದರೆ ಮೂರೂ ಮುಕ್ಕಾಲಿಗಿಂತ ತುಸು ಕಡಿಮೆ ಟನ್ ಡೈ ಆಕ್ಸೈಡ್. ಒಟ್ಟು ಸುಮಾರು 49,000 ಟನ್ ಆಯಿತು. ನಮ್ಮ ಲೆಕ್ಕದ ಕಾರ್ಖಾನೆ ಇದನ್ನು ಹತ್ತು ದಿನಗಳಲ್ಲಿ ಉಗುಳುತ್ತದೆ!

ಈ ಹತ್ತು ದಿನದ ಲೆಕ್ಕ ನೋಡಿ ಕಾಡು ನಿಷ್ಪ್ರಯೋಜಕ ಎಂದು ಯಾರೂ ತಿಳಿಯಬಾರದು. ಭೂಮಿಯ ಎಲ್ಲ ಕಾಡು, ಹುಲ್ಲುಗಾವಲು, ಮಣ್ಣು ಸೇರಿ ಮಾಡುತ್ತಿರುವ ಉಪಕಾರ ಸಣ್ಣದಲ್ಲ. ಮನುಷ್ಯ ಹೊರಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸ್ಥೂಲವಾಗಿ ಕಾಲು ಭಾಗವನ್ನು ನೆಲ, ಇನ್ನೊಂದು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತಿವೆ. ಉಳಿದ ಅರ್ಧವಷ್ಟೇ ಗಾಳಿಯಲ್ಲಿ ನಿಲ್ಲುತ್ತದೆ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 315 ಭಾಗ ಇತ್ತು. 2024ರಲ್ಲಿ ಅದು 420 ದಾಟಿತ್ತು. ನೆಲ ಮತ್ತು ಕಡಲು ಕೈಚೆಲ್ಲಿದ್ದರೆ ಈ ಏರಿಕೆ ಇದರ ಇಮ್ಮಡಿ ಇರುತ್ತಿತ್ತು.

ಕೀಲಿಂಗ್ ಅವರ ನಕ್ಷೆಯಲ್ಲಿ ಇನ್ನೊಂದು ಸೊಗಸಿದೆ. ಏರುವ ಗೆರೆ ನೇರವಾಗಿಲ್ಲ, ಗರಗಸದ ಹಲ್ಲಿನಂತಿದೆ. ಉತ್ತರಾರ್ಧ ಗೋಳದ ಗಿಡಮರಗಳು ಚಿಗುರಿದಾಗ ಅನಿಲ ಇಳಿಯುತ್ತದೆ, ಎಲೆ ಕೊಳೆಯುವಾಗ ಏರುತ್ತದೆ. ಭೂಮಿಯೇ ವರ್ಷಕ್ಕೊಮ್ಮೆ ಉಸಿರಾಡಿದಂತೆ! ಇದರ ಚಿಕ್ಕ ರೂಪ ಕುಂಚಾವರಂನಲ್ಲೂ ಉಂಟು. ಶಿವರಾತ್ರಿಯ ಹೊತ್ತಿಗೆ ಕಾಡು ಬೋಳಾಗಿರುತ್ತದೆ. ಮುಂಗಾರು ಬಿದ್ದು ಹದಿನೈದು ದಿನಕ್ಕೆ ಹಸಿರು ತುಂಬುತ್ತದೆ.

ಇಲ್ಲೇ ಪಠ್ಯಪುಸ್ತಕದ ಒಂದು ಮಾತನ್ನು ತುಸು ತಿದ್ದಿಕೊಳ್ಳಬೇಕು. ‘ಗಿಡಗಳು ಇಂಗಾಲದ ಡೈ ಆಕ್ಸೈಡ್ ತೆಗೆದುಕೊಂಡು ಆಮ್ಲಜನಕ ಕೊಡುತ್ತವೆ’ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ಅರ್ಧ ಸತ್ಯ. ಗಿಡವೂ ಹಗಲಿರುಳು ಉಸಿರಾಡುತ್ತದೆ. ಉದುರಿದ ಎಲೆಯನ್ನು ಗೆದ್ದಲು, ಅಣಬೆ, ಸೂಕ್ಷ್ಮಜೀವಿಗಳು ತಿಂದು ಮತ್ತೆ ಅನಿಲವಾಗಿಸುತ್ತವೆ. ಹೀರಿದ್ದರಲ್ಲಿ ಬಹುಪಾಲು ಹೀಗೆ ಹಿಂದಿರುಗುತ್ತದೆ. ಕಾಂಡ, ಬೇರು, ಮಣ್ಣಿನಲ್ಲಿ ನಿಂತ ಚೂರುಪಾರಷ್ಟೇ ಉಳಿತಾಯ. ಸೇಡಂ ಹೊಲದ ತೊಗರಿಯೂ ಅನಿಲವನ್ನು ಹೀರುತ್ತದೆ ನಿಜ. ಆದರೆ ಬೇಳೆ ನಮ್ಮ ಹೊಟ್ಟೆಗೆ, ತೊಗರಿ ಕಟ್ಟಿಗೆ ಒಲೆಗೆ. ವರ್ಷ ತುಂಬುವುದರೊಳಗೆ ಖಾತೆ ಹೆಚ್ಚುಕಡಿಮೆ ಸೊನ್ನೆ. ಅಜ್ಜನ ಕಾಲದ ತೇಗದ ಬಾಗಿಲಿನ ಸಂಗತಿ ಬೇರೆ. ಒಣಗಿದ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಹುಳು ಹಿಡಿಯುವ ತನಕ ಅದು ಬಾಗಿಲಿನಲ್ಲೇ ಇರುತ್ತದೆ.

ಹಾಗಾದರೆ ನೆಲದ ಈ ಉಳಿತಾಯ ಮುಂದೆಯೂ ಹೀಗೇ ನಡೆಯುವುದೇ? ಗಾಳಿಯಲ್ಲಿ ಈ ಅನಿಲ ಹೆಚ್ಚಿದಷ್ಟೂ ಗಿಡಗಳಿಗೆ ಹೆಚ್ಚು ಆಹಾರ, ಆದ್ದರಿಂದ ಚಿಂತೆಯಿಲ್ಲ ಎಂದು ವಾದಿಸುವವರಿದ್ದಾರೆ. ಆಸ್ಟ್ರೇಲಿಯದ ಸಿಡ್ನಿ ಬಳಿ ಬಲಿತ ನೀಲಗಿರಿ ಜಾತಿಯ ಮರಗಳ ಕಾಡಿಗೆ ಹೆಚ್ಚುವರಿ ಅನಿಲ ಊದಿ ಇದನ್ನು ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು. ಮರಗಳು ಹೆಚ್ಚು ಹೀರಿದವು, ಆದರೆ ಹೆಚ್ಚು ದಪ್ಪವಾಗಲಿಲ್ಲ! ಹೆಚ್ಚುವರಿ ಇಂಗಾಲ ಬಹುತೇಕ ಉಸಿರಾಟದ ಮೂಲಕ, ಅದರಲ್ಲೂ ಮಣ್ಣಿನ ಮೂಲಕ, ಗಾಳಿಗೇ ಮರಳಿತು. ಆ ಮಣ್ಣಿನಲ್ಲಿ ರಂಜಕ ಕಡಿಮೆ. ಅನ್ನ ಎಷ್ಟೇ ಬಡಿಸಿದರೂ ಜೊತೆಗೆ ಬೇಳೆ, ಪಲ್ಯ ಇಲ್ಲದಿದ್ದರೆ ಮಗು ಪುಷ್ಟಿಯಾಗುವುದಿಲ್ಲವಲ್ಲ, ಹಾಗೆ. ನೀರಿನದೂ ಇದೇ ಕಥೆ. ಬರಗಾಲದಲ್ಲಿ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಅನಿಲ ಒಳಬರುವ ಬಾಗಿಲೂ ಅದೇ ಆದ್ದರಿಂದ ಊಟ ತಪ್ಪುತ್ತದೆ.

ಆಫ್ರಿಕಾ ಮತ್ತು ಅಮೆಜಾನ್ ಕಾಡುಗಳ ಸಾವಿರಾರು ಮರಗಳನ್ನು ದಶಕಗಳ ಕಾಲ ಅಳೆದವರು, ಈ ಕಾಡುಗಳ ಒಟ್ಟು ಹೀರುವಿಕೆ 1990ರ ದಶಕದಲ್ಲೇ ಶಿಖರ ಮುಟ್ಟಿ ಇಳಿಯತೊಡಗಿದೆ ಎಂದು 2020ರಲ್ಲಿ ವರದಿ ಮಾಡಿದರು. ಅಮೆಜಾನಿನ ಆಗ್ನೇಯ ಭಾಗ ಹೀರುವುದಕ್ಕಿಂತ ಹೆಚ್ಚು ಉಗುಳುತ್ತಿದೆ ಎಂಬ ಸುದ್ದಿ ಬಂದದ್ದು 2021ರಲ್ಲಿ. ಎಲ್ ನಿನೋ ಮತ್ತು ಬಿಸಿಲಿನ ಹೊಡೆತ ಬಿದ್ದ 2023ರಲ್ಲಿ ಇಡೀ ಭೂಮಿಯ ನೆಲ ಹೀರಿದ ಪ್ರಮಾಣ ಹಿಂದಿನ ವರ್ಷಕ್ಕಿಂತ ಬಹಳ ಕೆಳಗಿಳಿದಿತ್ತು. ಒಂದು ವರ್ಷದ ಇಳಿಕೆಯಿಂದ ಹೆದರಬೇಕಿಲ್ಲ, ಮಳೆ ಬಂದರೆ ಮತ್ತೆ ಏರುತ್ತದೆ. ಆದರೆ ಇಂಥ ವರ್ಷಗಳು ಪದೇ ಪದೇ ಬಂದರೆ?

ಒಣ ಕಾಡಿಗೆ ಬರದ ಜೊತೆ ಬೆಂಕಿಯ ಭಯವೂ ಇದೆ. ಮಾರ್ಚ್ ತಿಂಗಳಲ್ಲಿ ಮೊಣಕಾಲುದ್ದ ತರಗೆಲೆ ಬಿದ್ದ ಕಾಡಿಗೆ ಒಂದು ಬೀಡಿಯ ತುಂಡು ಸಾಕು. ದೊಡ್ಡ ಮರ ಬದುಕಿಕೊಂಡರೂ ನಾಳಿನ ಮರಗಳಾಗಬೇಕಾದ ಸಸಿಗಳು ಸುಟ್ಟುಹೋಗುತ್ತವೆ. ವರ್ಷಗಟ್ಟಲೆ ಕೂಡಿಟ್ಟ ಇಂಗಾಲದ ಒಂದು ಪಾಲು ಒಂದೇ ಮಧ್ಯಾಹ್ನದಲ್ಲಿ ಗಾಳಿಗೆ ಹೋಗುತ್ತದೆ. ಕಲ್ಲಿನಲ್ಲಿದ್ದ ಇಂಗಾಲಕ್ಕೂ ಮರದಲ್ಲಿರುವ ಇಂಗಾಲಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಅದು ಕೋಟ್ಯಂತರ ವರ್ಷ ಭದ್ರವಾಗಿತ್ತು. ಇಲ್ಲಿ ಕಾವಲು ಬೇಕು. ಆದ್ದರಿಂದ ವನಮಹೋತ್ಸವದಲ್ಲಿ ನೆಟ್ಟ ಸಸಿಗಳ ಸಂಖ್ಯೆಗಿಂತ ಐದು ವರ್ಷದ ನಂತರ ಉಳಿದವುಗಳ ಸಂಖ್ಯೆ ಕೇಳುವುದು ಮೇಲು. ಫೋಟೋ ಮಾತ್ರ ಮೊದಲನೆಯದಕ್ಕೇ ಸಿಗುತ್ತದೆ!

ಕಾಡು ಎಷ್ಟು ಕೂಡಿಡುತ್ತಿದೆ ಎಂದು ತಿಳಿಯುವ ವಿಧಾನ ಬಹಳ ಸರಳ, ಬೇಕಾದದ್ದು ತಾಳ್ಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಮುದುಮಲೆಯ ಒಣ ಕಾಡಿನಲ್ಲಿ 50 ಹೆಕ್ಟೇರ್ ಗುರುತು ಮಾಡಿ, 1988ರಿಂದ ಅಲ್ಲಿನ ಒಂದೊಂದು ಮರಕ್ಕೂ ಸಂಖ್ಯೆ ಕೊಟ್ಟು ಅಳೆಯುತ್ತ ಬಂದಿದ್ದಾರೆ. ಶಾಲೆಯ ಆವರಣದಲ್ಲಿ ಬೇವೋ ಹುಣಸೆಯೋ ಇದ್ದರೆ ಮಕ್ಕಳೂ ಈ ಕೆಲಸ ಆರಂಭಿಸಬಹುದು. ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ ಬಣ್ಣದ ಗೆರೆ ಎಳೆದು, ದರ್ಜಿಯ ಟೇಪಿನಿಂದ ಸುತ್ತಳತೆ ತೆಗೆದು, ತಾರೀಖಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಂದು ಎಚ್ಚರ: ಪ್ರತಿ ವರ್ಷ ಅದೇ ತಿಂಗಳಲ್ಲಿ ಅಳೆಯಿರಿ. ಬೇಸಿಗೆಯಲ್ಲಿ ನೀರಿಲ್ಲದೆ ಕಾಂಡ ತುಸು ಕುಗ್ಗುತ್ತದೆ, ಮಳೆ ಬಂದ ಮೇಲೆ ಹಿಗ್ಗುತ್ತದೆ. ಕಳೆದ ಸಲ ಮೇ ತಿಂಗಳಲ್ಲಿ ಅಳೆದು ಈ ಸಲ ಆಗಸ್ಟಿನಲ್ಲಿ ಅಳೆದರೆ, ಕುಡಿದ ನೀರನ್ನೇ ಬೆಳವಣಿಗೆ ಎಂದು ಬರೆದುಕೊಂಡಂತಾಗುತ್ತದೆ.