ನೂರಕ್ಕೆ ನೂರೈದರ ಲೆಕ್ಕ



ಕಳೆದ ವಾರ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರ್ತಾ ಇದ್ದೆ. ಫೋನ್ ಬಂತು. ನನ್ನ ಜೊತೆ ಎಂಜಿನಿಯರಿಂಗ್ ಓದಿದ ಗೆಳೆಯ. ಮಾತಾಡಿ ವರ್ಷಗಳೇ ಆಗಿತ್ತು. ಕುಶಲ ಕೇಳೋದು ಮುಗಿಯೋ ಮೊದಲೇ ವಿಷಯಕ್ಕೆ ಬಂದ. "ಲೋ, ಇಲ್ಲಿನ ಆಪ್‌ಗಳೆಲ್ಲ ಬಾಗಿಲು ಹಾಕಿದವು. ಹೊರದೇಶದ ನಾಲ್ಕು ಬೆಟ್ಟಿಂಗ್ ಸೈಟ್ ಇದಾವೆ. ಯಾವುದರ ರೇಟ್ ಒಳ್ಳೇದು ಅಂತ ಲೆಕ್ಕ ಹಾಕಿ ಹೇಳೋ. ನಿಂಗೆ ಪ್ರಾಬಬಿಲಿಟಿ ಚೆನ್ನಾಗಿ ಬರ್ತಿತ್ತಲ್ಲ."

ಬೈಯೋಣ ಅನ್ನಿಸ್ತು. ಆದರೆ ಬೈದರೆ ಏನಾಗುತ್ತೆ? ಫೋನ್ ಇಡ್ತಾನೆ, ಸೈಟ್ ತೆರೀತಾನೆ. ಹಾಗಾಗಿ, "ಆಯ್ತು, ಲೆಕ್ಕವನ್ನೇ ಹಾಕೋಣ" ಅಂದೆ. ಅವತ್ತು ರಾತ್ರಿ ಸ್ಕ್ರಿಪ್ಟ್ ಹಾಳೆಯ ಹಿಂದೆ ಬರೆದ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ. ಇದರಲ್ಲಿ ನೀತಿಪಾಠ ಇಲ್ಲ. ಗುಣಾಕಾರ, ಭಾಗಾಕಾರ ಅಷ್ಟೇ.

ಮೊದಲು ಟಾಸ್. ನಾಣ್ಯಕ್ಕೆ ಎರಡೇ ಮುಖ. ಯಾವ ತಂಡ ಟಾಸ್ ಗೆಲ್ಲುತ್ತೆ ಅನ್ನೋದು ಅರ್ಧಕ್ಕರ್ಧ. ನ್ಯಾಯವಾಗಿ ನೋಡಿದರೆ 100 ರೂಪಾಯಿ ಕಟ್ಟಿ ಗೆದ್ದವನಿಗೆ 200 ವಾಪಸ್ ಬರಬೇಕು. ಸೈಟಿನ ಭಾಷೆಯಲ್ಲಿ ಅದು 2.00 ರೇಟು. ಆದರೆ ಸೈಟ್ ತೆರೆದು ನೋಡಿದರೆ ಎರಡೂ ತಂಡದ ಮುಂದೆ ಸಾಮಾನ್ಯವಾಗಿ 1.90ರ ಆಸುಪಾಸು ಇರುತ್ತೆ. ನಮ್ಮ ಊರಿನ ಬುಕ್ಕಿ ಇದನ್ನೇ "ತೊಂಬತ್ತು ಪೈಸೆ" ಅಂತಾನೆ. ಗೆದ್ದರೆ 90 ಲಾಭ, ಸೋತರೆ 100 ನಷ್ಟ. ಆ ಹತ್ತು ಪೈಸೆ ಎಲ್ಲಿಗೆ ಹೋಯ್ತು?

74 ಪಂದ್ಯಗಳ ಒಂದು ಐಪಿಎಲ್ ಸೀಸನ್ ತಗೊಳ್ಳಿ. ಪ್ರತಿ ಟಾಸ್‌ಗೂ ನೀವು ಸಾವಿರ ರೂಪಾಯಿ ಕಟ್ಟಿದಿರಿ. ಅದೃಷ್ಟವೂ ಇಲ್ಲ, ದುರದೃಷ್ಟವೂ ಇಲ್ಲ. 37 ಗೆದ್ದಿರಿ, 37 ಸೋತಿರಿ. ಗೆದ್ದದ್ದು 33,300. ಸೋತದ್ದು 37,000. ಯಾವ ತಪ್ಪೂ ಮಾಡದೆ 3,700 ರೂಪಾಯಿ ಕೈಬಿಟ್ಟಿತು. ಕಟ್ಟಿದ ಒಟ್ಟು ಮೊತ್ತದ ಸರಿಯಾಗಿ ಶೇಕಡಾ 5. ಇದೇ ಮಾರ್ಜಿನ್. ಅಸಲು ಉಳಿಯಬೇಕು ಅಂದರೂ 39 ಟಾಸ್ ಸರಿಯಾಗಿ ಹೇಳಬೇಕು. ನಾಣ್ಯದ ಮೇಲೆ!

ಇನ್ನು ಪಂದ್ಯ ಗೆಲ್ಲೋರು ಯಾರು ಅನ್ನೋ ರೇಟು. ಇಲ್ಲಿ ಎರಡೂ ಕಡೆ ಸಮ ಇರೋದಿಲ್ಲ, ಅದಕ್ಕೇ ಮಾರ್ಜಿನ್ ಕಣ್ಣಿಗೆ ಬೀಳೋದಿಲ್ಲ. ಬಲಿಷ್ಠ ತಂಡಕ್ಕೆ 1.50, ದುರ್ಬಲ ತಂಡಕ್ಕೆ 2.50 ಅಂತಿಟ್ಟುಕೊಳ್ಳಿ. 100ನ್ನು ಪ್ರತಿ ರೇಟಿನಿಂದ ಭಾಗಿಸಿ. 100 ಭಾಗಿಸು 1.50 ಅಂದರೆ 66.67. 100 ಭಾಗಿಸು 2.50 ಅಂದರೆ 40. ಕೂಡಿಸಿ: 106.67.

ಇದರ ಅರ್ಥ ಏನು? ಯಾರೇ ಗೆಲ್ಲಲಿ, ನಿಮ್ಮ ಕೈಗೆ 100 ರೂಪಾಯಿ ಬರಲೇಬೇಕು ಅಂತ ಎರಡೂ ಕಡೆ ಕಟ್ಟಿದರೆ, ಜೇಬಿನಿಂದ 106 ರೂಪಾಯಿ 67 ಪೈಸೆ ಹೋಗುತ್ತೆ. ನೂರರ ನೋಟನ್ನು ನೂರಾರು ಚಿಲ್ಲರೆಗೆ ಮಾರೋ ಅಂಗಡಿ ಇದು. ಆ 6.67 ಅಂಗಡಿಯವನ ಪಾಲು. ಕಟ್ಟಿದ ಹಣದ ಲೆಕ್ಕದಲ್ಲಿ ಶೇಕಡಾ 6.25. ಯಾವ ಸೈಟ್ ತೆರೆದರೂ ಈ ಭಾಗಾಕಾರ ಮಾಡಿ ನೋಡಿ. ಮೊತ್ತ 100ಕ್ಕಿಂತ ಎಷ್ಟು ಮೇಲಿದೆಯೋ ಅಷ್ಟು ದುಬಾರಿ.

ಗೆಳೆಯ ಕೇಳಿದ, "ಹಾಗಾದ್ರೆ ಕಡಿಮೆ ಮಾರ್ಜಿನ್ ಇರೋ ಸೈಟ್‌ಗೆ ಹೋದ್ರಾಯ್ತಲ್ಲ?" ಸರಿಯಾದ ಪ್ರಶ್ನೆಯೇ. ಎರಡೂ ಕಡೆ 1.95 ಕೊಡೋ ಸೈಟುಗಳು ಜಗತ್ತಿನಲ್ಲಿ ಇವೆ. ಅಲ್ಲಿ ಮಾರ್ಜಿನ್ ಶೇಕಡಾ 2.5. ಆದರೆ ಅದು ಮುಂಬಾಗಿಲ ಬೆಲೆ. ಒಳಗೆ ಹೋದರೆ "ಈ ಓವರ್‌ನಲ್ಲಿ ಎಷ್ಟು ರನ್", "ಮುಂದಿನ ವಿಕೆಟ್ ಹೇಗೆ" ಅನ್ನೋ ಸಣ್ಣ ಸಣ್ಣ ಬಾಜಿಗಳಿರುತ್ತವೆ. ಅಲ್ಲಿ ಎರಡೂ ಕಡೆ 1.85 ಇದ್ದರೆ ಮಾರ್ಜಿನ್ 7.5ಕ್ಕೆ ಏರುತ್ತೆ. ಮಾರ್ಜಿನ್ ಬೀಳೋದು ನೀವು ಖಾತೆಗೆ ಹಾಕಿದ ದುಡ್ಡಿನ ಮೇಲಲ್ಲ, ತಿರುಗಿಸಿದ ದುಡ್ಡಿನ ಮೇಲೆ. ಒಂದು ಟಿ-20 ಪಂದ್ಯಕ್ಕೆ 40 ಓವರ್. ಓವರಿಗೆ ನೂರರಂತೆ ಕಟ್ಟಿದರೆ 4,000 ತಿರುಗಿತು. ಜೇಬಿನಲ್ಲಿ ಸಾವಿರವೇ ಇದ್ದರೂ ಗೆದ್ದದ್ದು, ಸೋತದ್ದು ಸೇರಿ ತಿರುಗೋದು ನಾಲ್ಕು ಸಾವಿರ. ಅದರ ಮೇಲೆ 7.5 ಅಂದರೆ ಸರಾಸರಿ 300 ರೂಪಾಯಿ ಪ್ರತಿ ರಾತ್ರಿ ಅವರಿಗೆ.

ಟಿವಿಯವನಾಗಿ ಇನ್ನೊಂದು ಮಾತು ಹೇಳಲೇಬೇಕು. "ಲೈವ್" ಅಂತ ಪರದೆ ಮೂಲೆಯಲ್ಲಿ ಬರೆದಿರುತ್ತಲ್ಲ, ಅದು ನಿಜಕ್ಕೂ ಆ ಕ್ಷಣದ್ದಲ್ಲ. ಮೈದಾನದಿಂದ ನಿಮ್ಮ ಮನೆಗೆ ಬರೋಕೆ ಕೆಲವು ಸೆಕೆಂಡ್ ಹಿಡಿಯುತ್ತೆ. ಮೊಬೈಲ್‌ನಲ್ಲಿ ನೋಡಿದರೆ ಇನ್ನೂ ಹೆಚ್ಚು. ಸೈಟಿಗೆ ಮೈದಾನದ ಮಾಹಿತಿ ಅದಕ್ಕಿಂತ ಬೇಗ ಹೋಗುತ್ತೆ. ನಡೆದುಹೋದದ್ದರ ಮೇಲೆ ನೀವು ಕಟ್ಟುತ್ತಾ ಕೂತಿರ್ತೀರಿ, ಅವರಿಗೆ ಗೊತ್ತಿರುತ್ತೆ, ನಿಮಗಿಲ್ಲ.

ಆಮೇಲೆ "ಕಾಂಬೋ". ನಾಲ್ಕು ಪಂದ್ಯ ಸೇರಿಸಿ ಒಂದೇ ಬಾಜಿ. 200 ಕಟ್ಟಿ 2,600 ಗೆಲ್ಲಿ ಅಂತ ತೋರಿಸ್ತಾರೆ. ಮೆಕ್ಯಾನಿಕಲ್ ಓದಿದವರಿಗೆ ಇದು ಸುಲಭ. ಒಂದು ಗೇರ್‌ನಲ್ಲಿ ನೂರಕ್ಕೆ ಐದು ಶಕ್ತಿ ನಷ್ಟವಾದರೆ, ಒಂದರ ಹಿಂದೊಂದು ನಾಲ್ಕು ಗೇರ್ ಜೋಡಿಸಿದಾಗ ಕೊನೆಯಲ್ಲಿ ಉಳಿಯೋದು 95 ಅಲ್ಲ, 81 ಚಿಲ್ಲರೆ. ಇಲ್ಲೂ ಅಷ್ಟೇ. ನಾಲ್ಕು ಪಂದ್ಯದ ಕಾಂಬೋದಲ್ಲಿ ಮಾರ್ಜಿನ್ ಸುಮಾರು 18.5. ಐದು ಪಂದ್ಯ ಸೇರಿಸಿದರೆ 22.6. ಜಾಹೀರಾತಿನಲ್ಲಿ ಅದೇ ಯಾಕೆ ದೊಡ್ಡ ಅಕ್ಷರದಲ್ಲಿ ಇರುತ್ತೆ ಅಂತ ಈಗ ಗೊತ್ತಾಯ್ತಲ್ಲ?

ಬೋನಸ್ ಕಥೆಯೂ ಇದೇ. "10,000 ಹಾಕಿ, ನಾವೂ 10,000 ಕೊಡ್ತೀವಿ." ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಷರತ್ತು ಇರುತ್ತೆ. ಉದಾಹರಣೆಗೆ, ಬೋನಸ್‌ನ ಹತ್ತು ಪಟ್ಟು, ಮೂರು ಪಂದ್ಯದ ಕಾಂಬೋದಲ್ಲೇ ಆಡಿದ ಮೇಲೆ ಮಾತ್ರ ದುಡ್ಡು ತೆಗೆಯಬಹುದು. ಹತ್ತು ಪಟ್ಟು ಅಂದರೆ ಒಂದು ಲಕ್ಷ ತಿರುಗಿಸಬೇಕು. ಮೂರು ಪಂದ್ಯದ ಕಾಂಬೋ ಮಾರ್ಜಿನ್ 14.26. ಸರಾಸರಿ ನಷ್ಟ 14,260. ಕೊಟ್ಟ ಬೋನಸ್ ಹತ್ತು ಸಾವಿರ. ಕೊಟ್ಟವನೇ ಗೆದ್ದ.

ಸರಿ, ಇಷ್ಟೆಲ್ಲ ದಾಟಿ ನೀವು ಗೆದ್ದೇ ಬಿಟ್ಟಿರಿ ಅಂತಿಟ್ಟುಕೊಳ್ಳೋಣ. ದುಡ್ಡು ಕೊಡೋರು ಯಾರು?

ಸೈಟಿನ ಕೆಳಗೆ ಇಳಿದು ನೋಡಿ. ಬಹಳ ಕಡೆ ಒಂದು ಹೆಸರು ಸಿಗುತ್ತೆ: ಕುರಸಾವೊ. ಕೆರಿಬಿಯನ್ ಸಮುದ್ರದಲ್ಲಿ, ವೆನೆಜುವೆಲಾ ತೀರದ ಹತ್ತಿರ ಇರೋ ಪುಟ್ಟ ದ್ವೀಪ. ನೆದರ್ಲೆಂಡ್ಸ್ ಸಾಮ್ರಾಜ್ಯದ ಭಾಗ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, ನಮ್ಮದೊಂದು ಸಾಧಾರಣ ಜಿಲ್ಲಾ ಕೇಂದ್ರದಷ್ಟು. ಆನ್‌ಲೈನ್ ಜೂಜಿಗೆ 1990ರ ದಶಕದಿಂದಲೇ ಅಲ್ಲಿ ಲೈಸೆನ್ಸ್ ಕೊಡ್ತಾ ಬಂದರು. ಮೂಲ ಲೈಸೆನ್ಸ್ ನಾಲ್ಕೇ ಕಂಪನಿಗಳ ಕೈಯಲ್ಲಿ. ಉಳಿದ ಸೈಟುಗಳಿಗೆಲ್ಲ ಅವರಿಂದ ಉಪ-ಲೈಸೆನ್ಸ್. ನಮ್ಮಲ್ಲಿ ಬಾರ್ ಲೈಸೆನ್ಸ್ ಒಬ್ಬನ ಹೆಸರಲ್ಲಿದ್ದು ಗಲ್ಲಾಪೆಟ್ಟಿಗೆ ಮೇಲೆ ಇನ್ನೊಬ್ಬ ಕೂತಿರ್ತಾನಲ್ಲ, ಆ ಥರ. ಟೀಕೆ ಹೆಚ್ಚಾಗಿ, 2024ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ತಂದು ಆ ಪದ್ಧತಿ ಕೈಬಿಟ್ಟರು. ಒಳ್ಳೇದೇ. ಆದರೆ ದಾವಣಗೆರೆಯಲ್ಲಿ ಕೂತ ಮನುಷ್ಯನ ಎರಡು ಲಕ್ಷ ಸಿಕ್ಕಿಹಾಕಿಕೊಂಡರೆ ಅವನು ಅಲ್ಲಿಗೆ ಹೋಗಿ ದೂರು ಕೊಡ್ತಾನಾ? ಅಲ್ಲಿನ ಲೈಸೆನ್ಸ್ ಇಲ್ಲಿನ ಕಾನೂನಿಗೆ ಮೇಲಲ್ಲ ಅನ್ನೋದನ್ನೂ ಮರೀಬೇಡಿ.

ಇಲ್ಲಿನ ಕಾನೂನು ಏನು ಹೇಳುತ್ತೆ? 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ದುಡ್ಡು ಕಟ್ಟಿ ಆಡೋ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷ, 50 ಲಕ್ಷದವರೆಗೆ. ಆ ಕಾಯ್ದೆ ಆಡುವವನಿಗೆ ಶಿಕ್ಷೆ ಹೇಳಿಲ್ಲ. ಅವನನ್ನು ನೊಂದವನು ಅಂತಲೇ ನೋಡಿದೆ. ಆದರೆ ಇಂಥ ಸೈಟಿಗೆ ಬ್ಯಾಂಕಿನ ಮೂಲಕ ನೇರವಾಗಿ ದುಡ್ಡು ಹೋಗೋಕೆ ದಾರಿ ಇಲ್ಲ. ಹಾಗಾದರೆ ಹೇಗೆ ಹೋಗುತ್ತೆ? ಯಾರದೋ ಹೆಸರಿನ ಯುಪಿಐ, ಇನ್ಯಾರದೋ ಖಾತೆ. ಇವತ್ತು ಒಂದು, ನಾಳೆ ಮತ್ತೊಂದು. ಕಮಿಷನ್ ಆಸೆಗೆ ಬಾಡಿಗೆ ಕೊಟ್ಟ ಖಾತೆಗಳು. ಸೈಬರ್ ಪೊಲೀಸರು ಅಂಥ ಖಾತೆಯ ಬೆನ್ನು ಹತ್ತಿದಾಗ, ಅಲ್ಲಿಂದ ದುಡ್ಡು ಬಂದ ಖಾತೆಗಳೂ ಫ್ರೀಜ್ ಆಗ್ತವೆ. ಗೆದ್ದ ಐದು ಸಾವಿರಕ್ಕೆ ಸಂಬಳದ ಖಾತೆಯೇ ಲಾಕ್!

ಇನ್ನು ನಿಜಕ್ಕೂ ಜಾಣರಾಗಿ, ಪದೇ ಪದೇ ಗೆಲ್ಲೋರು? ಅವರ ಬಾಜಿಯ ಮಿತಿಯನ್ನು ಇಳಿಸಿಬಿಡೋದು ಈ ಧಂದೆಯಲ್ಲಿ ಮಾಮೂಲು. ಸೋಲುವವನಿಗೆ ಬಾಗಿಲು ಪೂರ್ತಿ ತೆರೆದಿರುತ್ತೆ, ಗೆಲ್ಲುವವನಿಗೆ ಕಿಟಕಿ.

ಈಗ ನಮ್ಮ ಮನೆ ವಿಷಯ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಅಂತ ನನಗೆ ಯಾರೂ ಹೇಳಬಾರದು. 2022ರ ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಎಚ್ಚರಿಕೆ ಕೊಡಬೇಕಾಗಿ ಬಂದದ್ದು ಯಾರಿಗೆ? ಟಿವಿ ವಾಹಿನಿಗಳಿಗೂ ಸೇರಿಸಿ. ಬೆಟ್ಟಿಂಗ್ ಕಂಪನಿಗಳು ಅದೇ ಹೆಸರಲ್ಲಿ, ಅದೇ ಲೋಗೋದಲ್ಲಿ "ಸ್ಪೋರ್ಟ್ಸ್ ನ್ಯೂಸ್" ಅಂತ ಜಾಹೀರಾತು ಕೊಡ್ತಿದ್ದವು, ವಾಹಿನಿಗಳು ಹಾಕ್ತಿದ್ದವು. ಸುದ್ದಿಯ ವೇಷದಲ್ಲಿ ಜೂಜು ನಿಮ್ಮ ಮನೆಗೆ ಬಂದದ್ದು ನಮ್ಮ ಪರದೆಯ ಮೂಲಕವೂ ಹೌದು. ಇದನ್ನು ಒಪ್ಪಿಕೊಳ್ಳದೆ ನಿಮಗೆ ಲೆಕ್ಕ ಹೇಳೋ ಅಧಿಕಾರ ನನಗಿಲ್ಲ.

ಮತ್ತೆ ಗೆಳೆಯನ ಹತ್ತಿರ ಬರ್ತೀನಿ. ಇಷ್ಟೂ ಕೇಳಿ ಅವನು ಹೇಳಿದ, "ಮಾರ್ಜಿನ್ ಎಲ್ಲ ಸರಿ ಕಣೋ, ಆದ್ರೆ ನಾನು ಒಟ್ಟಾರೆ ಲಾಭದಲ್ಲೇ ಇದೀನಿ." ಪ್ರತಿಯೊಬ್ಬರೂ ಹೇಳೋದು ಇದನ್ನೇ. ಗೆದ್ದ ರಾತ್ರಿ ನೆನಪಿರುತ್ತೆ, ಸೋತ ರಾತ್ರಿ ಮರೆತುಹೋಗುತ್ತೆ. ನಾನು ಒಂದೇ ಕೆಲಸ ಕೊಟ್ಟೆ. "ಬ್ಯಾಂಕ್ ಸ್ಟೇಟ್‌ಮೆಂಟ್ ತೆಗಿ. ಹೋದದ್ದು ಒಂದು ಕಡೆ, ಬಂದದ್ದು ಒಂದು ಕಡೆ ಬರಿ. ಕೂಡಿಸು, ಕಳಿ. ಆಮೇಲೆ ಯಾವ ಸೈಟ್ ಅಂತ ಹೇಳ್ತೀನಿ."

ಮೂರು ದಿನ ಸುದ್ದಿಯಿಲ್ಲ. ನಾಲ್ಕನೇ ದಿನ ಬೆಳಗಿನ ಜಾವ ಮೆಸೇಜ್ ಬಂತು. ಎರಡು ವರ್ಷದಲ್ಲಿ ಆರು ಲಕ್ಷದ ನಲವತ್ತು ಸಾವಿರ ನಷ್ಟ. ಕೆಳಗೆ ಇನ್ನೊಂದು ಸಾಲು: "ಮನೇಲಿ ಯಾರಿಗೂ ಗೊತ್ತಿಲ್ಲ."

ತಕ್ಷಣ ಫೋನ್ ಮಾಡಿದೆ. ಯಾವ ಸೈಟ್ ಒಳ್ಳೇದು ಅಂತ ಅವನು ಕೇಳಲಿಲ್ಲ. ಇವತ್ತೇ ಹೆಂಡತಿಗೆ ಹೇಳು ಅಂದೆ. ಸುಮ್ಮನಿದ್ದ. ಸಂಜೆ ಹೇಳಿದನಂತೆ. ಮನೆಯಲ್ಲಿ ಏನಾಯ್ತು ಅಂತ ನಾನು ಕೇಳಿಲ್ಲ, ಅವನೂ ಹೇಳಿಲ್ಲ. ಮುಂದಿನ ವಾರ ಬೆಂಗಳೂರಿನ ನಿಮ್ಹಾನ್ಸ್‌ಗೆ ಇಬ್ಬರೂ ಬರ್ತಿದ್ದಾರೆ. ಅಲ್ಲಿ ಇಂಥ ಚಟಕ್ಕೆ ಚಿಕಿತ್ಸೆ, ಸಲಹೆ ಎರಡೂ ಇದೆ.

ನಿಮ್ಮ ಮನೆಯಲ್ಲೂ ಪಂದ್ಯದ ರಾತ್ರಿ ಟಿವಿ ನೋಡದೆ ಮೊಬೈಲನ್ನೇ ನೋಡೋರು ಇರಬಹುದು. ಬೈಬೇಡಿ. ಪಕ್ಕದಲ್ಲಿ ಕೂತು ಆ ಎರಡು ಕಾಲಂ ಬರೆಸಿ. ಮನಸ್ಸು ಕುಗ್ಗಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತೆ. ದುಡ್ಡು ಮೋಸ ಹೋಗಿದ್ದರೆ 1930.

ಲೆಕ್ಕ ಇಷ್ಟೇ. ಉಳಿದದ್ದು ನೀವೇ ಕೂಡಿಸಿ ಕಳೆದು ನೋಡಿ.