ಅಟ್ಟದ ಕೋವಿಗೆ ಆರೈಕೆ

ಹಳೆ ಕೋವಿ ಕೈಗೆ ಬಂದಾಗ ಮೊದಲು ಮಾಡಬೇಕಾದ್ದು ತುಕ್ಕು ತಿಕ್ಕುವುದಲ್ಲ, ಗಜ ಇಳಿಸಿ ನೋಡುವುದು. ನಳಿಗೆಯ ಬಾಯಿಯಿಂದ ಮರದ ಕಡ್ಡಿಯೊಂದನ್ನು ತಳ ಮುಟ್ಟುವವರೆಗೆ ಬಿಡಬೇಕು. ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಅದೇ ಕಡ್ಡಿಯನ್ನು ಹೊರಗೆ ನಳಿಗೆಯ ಪಕ್ಕದಲ್ಲಿ ಹಿಡಿಯಬೇಕು. ಕಡ್ಡಿಯ ತುದಿ ಕೇಪು ಕೂರುವ ಜಾಗದವರೆಗೂ ಬಂದರೆ ಒಳಗೆ ಏನೂ ಇಲ್ಲ. ನಾಲ್ಕು ಬೆರಳಷ್ಟು ಮೊದಲೇ ನಿಂತಿತೋ, ಅಜ್ಜ ಯಾವತ್ತೋ ತುಂಬಿಸಿಟ್ಟ ಮದ್ದು, ಚರೆ ಇನ್ನೂ ಅಲ್ಲೇ ಇರಬಹುದು. ತೇವ ತಾಗದ ಕರಿಮದ್ದು ನೂರು ವರ್ಷದ ಮೇಲೂ ಒಂದು ಕಿಡಿಗೆ ಕಾದು ಕೂತಿರುತ್ತದೆ. ಅಲ್ಲಿಂದ ಮುಂದಿನ ಕೆಲಸ ಪೊಲೀಸರದು, ನಮ್ಮದಲ್ಲ.

ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ, ಕಕ್ಕಿಂಜೆ, ದಿಡುಪೆಯ ಕಡೆ ಕೋವಿ ಎಂದರೆ ಶೋಕಿಯ ವಸ್ತುವಲ್ಲ. ತುಳುವಿನಲ್ಲಿ ಅದು ಬೆಡಿ. ಕತ್ತಿ, ಹಾರೆಗಳ ಸಾಲಿನಲ್ಲೇ ಅದಕ್ಕೂ ಜಾಗ. ಕಾಡುಹಂದಿ, ಮಂಗ, ಈಚೆಗೆ ಆನೆ ಎಂದು ತೋಟದ ಅಂಚಿಗೆ ಬರುವವರ ಪಟ್ಟಿ ಉದ್ದವಿದೆ. ಬೆಳೆ ರಕ್ಷಣೆಯ ಪರವಾನಗಿ ಇರುವ ಮನೆಯವರಿಗೆ ಪ್ರತಿ ಚುನಾವಣೆಯಲ್ಲೂ ಕೋವಿಯನ್ನು ಠಾಣೆಗೆ ಹೊತ್ತು, ಠೇವಣಿ ಇಟ್ಟು, ರಶೀದಿ ಪಡೆದು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬರುವ ಕೆಲಸ. ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ ಎಂಬುದು ಇಲ್ಲಿನ ಹಳೆಯ ಗೊಣಗಾಟ.

ಇಂಥ ನಾಡಿನಲ್ಲಿ ಸೇನೆಯ ಹಳೆ ಬಂದೂಕುಗಳ ಮಾತು ದೂರದ್ದೆನಿಸಬಹುದು. ಆದರೆ ಬೆಳ್ತಂಗಡಿಯಲ್ಲಿ ನಿಂತು ತಲೆ ಎತ್ತಿದರೆ ಗಡಾಯಿಕಲ್ಲು ಕಾಣುತ್ತದೆ. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ ಬಂಡೆ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕೋಟೆಯೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಆ ಕಾಲದ ಎರಡೂ ಕಡೆಯ ಕೋವಿಗಳು ಇವತ್ತು ಸಂಗ್ರಾಹಕರ ಕನಸು. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಟಿಪ್ಪುವಿಗಾಗಿ ಮಾಡಿದ ಕೋವಿಗಳಲ್ಲಿ ಹುಲಿಪಟ್ಟೆ, ಹುಲಿಮುಖ ಎದ್ದು ಕಾಣುತ್ತವೆ. ಕಂಪನಿಯ ಸಿಪಾಯಿಯ ಕೈಯಲ್ಲಿದ್ದದ್ದು 39 ಇಂಚಿನ ನಳಿಗೆಯ, ಚಕಮಕಿ ಕಲ್ಲಿನ ‘ಬ್ರೌನ್ ಬೆಸ್’. ಅದರ ಕುದುರೆಯ, ಅಂದರೆ ಕಿಡಿ ಹೊಡೆಯುವ ಸುತ್ತಿಗೆಯ, ಪಕ್ಕದ ತಗಡಿನ ಮೇಲೆ ಮೊದಮೊದಲು ಹೃದಯದಾಕಾರದ ಮುದ್ರೆ ಇರುತ್ತಿತ್ತು, ಆಮೇಲೆ ಸಿಂಹ ಬಂತು. ಈ ಒಂದು ಮುದ್ರೆಯಿಂದಲೇ ಕೋವಿಯ ವಯಸ್ಸು ಹೇಳುವವರಿದ್ದಾರೆ.

ಟಿಪ್ಪುವಿನ ಕೋವಿಗಳಲ್ಲಿ ಒಳ್ಳೆಯವು ಹಡಗು ಹತ್ತಿ ಹೋದವು. 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ನಡೆದ ಹರಾಜಿನಲ್ಲಿ ಬೆಳ್ಳಿಯ ಕೆಲಸವಿದ್ದ ಅಂಥದ್ದೊಂದು 60 ಸಾವಿರ ಪೌಂಡಿಗೆ ಹೋಯಿತು. ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಹೊತ್ತೊಯ್ದಿದ್ದ ವಸ್ತುಗಳಲ್ಲಿ ಅದೂ ಒಂದು. ಅದೂ ಅಟ್ಟದಲ್ಲೇ ಸಿಕ್ಕಿದ್ದು! ನಮ್ಮಲ್ಲಿ ಉಳಿದದ್ದು ಮಣ್ಣಿನಡಿಯಿಂದ ಏಳುತ್ತಿದೆ. 2018ರ ಜುಲೈಯಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಳೆ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಸಿಕ್ಕವು.

ಇನ್ನು ಕಾನೂನು. ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಅಲ್ಲಿದೆ. ಅದನ್ನು ಹಳೆ ಕಾರಿನ ಹೋಲಿಕೆಯಿಂದ ನೋಡೋಣ.

ಚಾರ್ಮಾಡಿಯಿಂದ ಉಜಿರೆಗೆ ಬಂದು ಧರ್ಮಸ್ಥಳಕ್ಕೆ ತಿರುಗಿದರೆ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಡಿ. ವೀರೇಂದ್ರ ಹೆಗ್ಗಡೆಯವರ ದಶಕಗಳ ಸಂಗ್ರಹ ಅದು. ತಾಳೆಗರಿ, ನಾಣ್ಯ, ಕ್ಯಾಮೆರಾ, ಆಯುಧ ಎಲ್ಲ ಇದೆ. ಹಳೆ ಕಾರುಗಳ ಸಂಗ್ರಹವೂ ಅಲ್ಲೇ. ಹಳೆ ಕಾರು ರಿಪೇರಿಯಾಗಿ ಓಡಿತೆಂದರೆ ಜನ ಚಪ್ಪಾಳೆ ತಟ್ಟುತ್ತಾರೆ. ಹಳೆ ಕೋವಿ ರಿಪೇರಿಯಾಗಿ ಸಿಡಿಯಿತೆಂದರೆ ಕೇಸು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಗಳನ್ನು ಪರವಾನಗಿಯ ರಗಳೆಯಿಂದ ಹೊರಗಿಟ್ಟಿದೆ ನಿಜ. ಆದರೆ ಒಂದು ಷರತ್ತು: ಅದು ಹೇಗಿದೆಯೋ ಹಾಗೂ ಸಿಡಿಯಬಾರದು, ರಿಪೇರಿ ಮಾಡಿದರೂ ಸಿಡಿಯುವಂತಿರಬಾರದು. ಮುರಿದಿದೆ, ಕುದುರೆ ಕೂರುವುದಿಲ್ಲ ಎಂದರೆ ಸಾಲದು. ಹೊಸ ಸ್ಪ್ರಿಂಗು ಹಾಕಿದರೆ ಕೂರುತ್ತದಲ್ಲ! ಮುತ್ತಜ್ಜನ ಕೇಪಿನ ಕೋವಿ ಎಷ್ಟೇ ಹಳೆಯದಿರಲಿ, ಈಡು ಹೊಡೆಯುವ ಸ್ಥಿತಿಯಲ್ಲಿದ್ದರೆ ಲೈಸೆನ್ಸು ಬೇಕು. ರಿಪೇರಿ ಮಾಡುವವನಿಗೂ ಬೇಕು. ಪಿತ್ರಾರ್ಜಿತವಾಗಿ ಬಂದದ್ದೂ ಸೇರಿ ಒಬ್ಬರಿಗೆ ಎರಡೇ ಕೋವಿ ಎಂದು 2019ರ ತಿದ್ದುಪಡಿ ಹೇಳಿದೆ, ಮೊದಲು ಮೂರಿತ್ತು. ನೂರು ವರ್ಷ ದಾಟಿದ್ದನ್ನು ವಿದೇಶಕ್ಕೆ ಮಾರಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ನೆರೆಯ ಕೊಡಗಿನ ಕಥೆ ಬೇರೆ. 1861ರಿಂದ ಕೊಡವರಿಗೆ ಪರವಾನಗಿಯ ವಿನಾಯಿತಿ ಇದೆ. ಈಗಿನ ಆದೇಶ 2029ರವರೆಗೆ. ಕೈಲ್‌ಪೊಳ್ದ್ ಹಬ್ಬದ ದಿನ ಅಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸುತ್ತಾರೆ.

ಹಾಗಾದರೆ ನಮ್ಮ ಕಡೆಯ ಸಂಗ್ರಾಹಕನಿಗೆ ಉಳಿದದ್ದೇನು? ಸಿಡಿಯದ ಕೋವಿಯನ್ನು ಸಿಡಿಯದಂತೆಯೇ, ಆದರೆ ಸಾಯದಂತೆ ಇಟ್ಟುಕೊಳ್ಳುವುದು. ಕೇಳಲು ಸುಲಭ. ಘಟ್ಟದ ಬುಡದ ಆಟಿ ತಿಂಗಳ ಮಳೆಯಲ್ಲಿ ಮೇಜಿನ ಮೇಲಿಟ್ಟ ಕತ್ತರಿಗೇ ವಾರದಲ್ಲಿ ತುಕ್ಕು ಬರುತ್ತದೆ. ಕರಿಮದ್ದಿನ ಮಸಿಯಲ್ಲಿ ಉಪ್ಪಿನಂಶವಿದೆ, ಗಾಳಿಯ ನೀರನ್ನೆಲ್ಲ ಹೀರಿ ಕಬ್ಬಿಣಕ್ಕೆ ಉಣಿಸುತ್ತದೆ. ಹಿಂದಿನವರು ಈಡು ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹೊಯ್ದು ತೊಳೆಯುತ್ತಿದ್ದುದು ಅದಕ್ಕೇ.

ಕೆಡಿಸುವವರು ಹೆಚ್ಚಾಗಿ ಪ್ರೀತಿ ಇರುವವರೇ. ಆಯುಧಪೂಜೆಗೆ ಮುಂಚೆ ಹುಣಸೆಹುಳಿ, ಬೂದಿ ಹಾಕಿ ಫಳಫಳ ತಿಕ್ಕುತ್ತಾರೆ. ವರ್ಷವರ್ಷವೂ ತಿಕ್ಕಿ ಕೊನೆಗೆ ಮುದ್ರೆಯ ಅಕ್ಷರವೇ ಸವೆದು ಹೋಗುತ್ತದೆ. ಗ್ರೈಂಡಿಂಗ್ ಅಂಗಡಿಗೆ ಒಯ್ದು ಬಫ್ ಮಾಡಿಸಿದರಂತೂ ಇನ್ನೂರು ವರ್ಷದ ಕೋವಿ ಹೊಸ ನಲ್ಲಿಯಂತೆ ಹೊಳೆಯುತ್ತದೆ, ಬೆಲೆಯೂ ನಲ್ಲಿಯದ್ದೇ. ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಸವರುವುದೂ ಬೇಡ. ಅದು ಕಮಟು ಹಿಡಿದು ಹುಳಿಯಾಗುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಕಟ್ಟುತ್ತದೆ. ರೆಕ್ಸಿನ್ ಚೀಲದಲ್ಲಿ ಸುತ್ತಿ ಕಪಾಟಿಗೆ ಹಾಕಿದರೆ ಒಳಗೊಳಗೇ ಬೆವರುತ್ತದೆ.

ಕೆಂಪು ತುಕ್ಕು ಮಾತ್ರ ಶತ್ರು. ತೆಳು ಯಂತ್ರದೆಣ್ಣೆಯಲ್ಲಿ ಅದ್ದಿದ, ಅತಿ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿದರೆ ಬಿಡುತ್ತದೆ. ಅದರಡಿಯ ಕಪ್ಪು, ಕಂದು ಪದರ ಕಬ್ಬಿಣಕ್ಕೆ ತಾನಾಗಿ ಬಂದ ಚರ್ಮ, ಅದನ್ನು ಮುಟ್ಟಬಾರದು. ಉಳಿದ ತುಕ್ಕನ್ನು ಕಟ್ಟಿಹಾಕಲು ಸಂರಕ್ಷಕರು ಟ್ಯಾನಿಕ್ ಆಮ್ಲ ಬಳಸುತ್ತಾರೆ. ತುಕ್ಕು ಅದರೊಂದಿಗೆ ಕೂಡಿ ನೀಲಿಗಪ್ಪಾಗಿ ಗಟ್ಟಿಯಾಗುತ್ತದೆ. ಇದು ನಮಗೆ ಹೊಸತೇನಲ್ಲ. ಹಸಿ ಅಡಕೆ ಕತ್ತರಿಸಿದ ಕತ್ತಿ ಕಪ್ಪಾಗುವುದನ್ನು ಯಾರು ನೋಡಿಲ್ಲ? ಘಟ್ಟದ ಮೇಲಿನವರು ಅಡಕೆ ಬೇಯಿಸಿ ಇಳಿಸುವ ಚೊಗರಿನಲ್ಲಿರುವುದೂ ಟ್ಯಾನಿನ್ನೇ. ಹಾಗೆಂದು ಚೊಗರನ್ನು ಕೋವಿಗೆ ಬಳಿಯಲು ಹೊರಡಬೇಡಿ. ಆ ಆಮ್ಲಕ್ಕೆ ಅಳತೆ ಇದೆ, ಚೊಗರಿಗೆ ಇಲ್ಲ. ಮರದ ಹಿಡಿಗೆ ಒಂದು ಹನಿ ಅಗಸೆ ಎಣ್ಣೆ ಸಾಕು. ಸ್ಕ್ರೂ ತಿರುಗಿಸುವ ಮೊದಲು ಅದರ ಸೀಳಿಗೆ ಸರಿಯಾಗಿ ಕೂರುವ ತಿರುಪುಳಿ ಹುಡುಕಿಕೊಳ್ಳಿ. ಹಳೆ ಕೋವಿಯಲ್ಲಿ ಕಿತ್ತುಹೋದ ಸ್ಕ್ರೂ ತಲೆ ಕಂಡರೆ, ಯಾರೋ ಅವಸರದವರು ನಮಗಿಂತ ಮೊದಲು ಬಂದಿದ್ದರೆಂದೇ ಅರ್ಥ.

ಇನ್ನೊಂದು ಮಾತು. ಕೋವಿಯ ಜತೆ ಟ್ರಂಕಿನಲ್ಲಿರುವ ಕಾಗದಗಳನ್ನು ಗುಜರಿಗೆ ಹಾಕಬೇಡಿ. ಅಂಚು ಹರಿದ ಲೈಸೆನ್ಸು ಪುಸ್ತಕ, ನವೀಕರಣದ ಮೊಹರು, ಮದ್ದು ಕೊಂಡ ಚೀಟಿ, ಯಾವ ಕೈಯಿಂದ ಯಾವ ಕೈಗೆ ಬಂತೆಂದು ಅಜ್ಜ ಬರೆದಿಟ್ಟ ನಾಲ್ಕು ಸಾಲು ಇದ್ದರೆ ಅದೂ. ಮುದ್ರೆ ಕೋವಿ ಹುಟ್ಟಿದ ಊರನ್ನು ಹೇಳೀತು, ಅದು ಚಾರ್ಮಾಡಿಗೆ ಹೇಗೆ ಬಂತೆಂದು ಹೇಳುವುದು ಈ ಕಾಗದಗಳೇ. ಚುನಾವಣೆಯಿಂದ ಚುನಾವಣೆಗೆ ಬೈದುಕೊಂಡು ಪಡೆದ ಠಾಣೆಯ ಠೇವಣಿ ರಶೀದಿಗಳನ್ನೂ ಅದೇ ಕಟ್ಟಿಗೆ ಸೇರಿಸಿಡಿ.